ಎಡಗಡೆ ಸ್ವಲ್ಪ ಕಡಿಮೆ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಗಂಡನ ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಎಸ್ಟೇಟುಗಳ ಪಲ್ಪರ್ ಮೋಟರು, ಕೆರೆಯ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಯ ಮೋಟರು, ಸುಟ್ಟುಹೋದದ್ದೆಲ್ಲ ಹೊಸ ತಂತಿ ಸುತ್ತಿಸಿಕೊಳ್ಳಲು ಅಲ್ಲಿಗೆ ಬರುತ್ತಿತ್ತು. ದಪ್ಪ ತಂತಿಯ ಕೆಲಸ ಅವರದು, ಕೂದಲಿನಂಥ ತಂತಿಯ ಕೆಲಸ ನನ್ನದು. ಮದುವೆಯಾಗಿ ಬಂದ ಎರಡನೇ ವರ್ಷವೇ ಅವರು ನನ್ನನ್ನು ಕೈಯಲ್ಲಿ ತಿರುಗಿಸುವ ಕಾಯಿಲ್ ಮೆಷೀನಿನ ಮುಂದೆ ಕೂರಿಸಿದ್ದರು. ಕರೆಂಟು ಏರಿಳಿಯುವ ಊರಲ್ಲಿ ಸ್ಟೆಬಿಲೈಸರ್ ಸುತ್ತುವ ಕೆಲಸಕ್ಕೆ ಯಾವತ್ತೂ ಕೊರತೆ ಇರಲಿಲ್ಲ. ಟೆಸ್ಟಿಗೆ ಹಾಕಿದ ಮೋಟರುಗಳ ಗದ್ದಲದ ನಡುವೆಯೂ ಗಿರಾಕಿಗಳು ಹೇಳಿದ್ದು ನನಗೆ ಮೊದಲು ಕೇಳಿಸುತ್ತಿತ್ತು. "ನಿನ್ನ ಕಿವಿ ಭಾರಿ ಚುರುಕು ಮಾರಾಯ್ತಿ" ಎಂದು ನನ್ನವರು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಗೋಣಿಬೀಡಿನ ಕಡೆಯ ಎಸ್ಟೇಟೊಂದರ ಅಮ್ಮ ಅಂಗಡಿಗೆ ಬಂದರು. ಅರವತ್ತು ದಾಟಿದವರು, ಮದುವೆಯಾಗಿರಲಿಲ್ಲ. ತಮ್ಮ ಪಾಲಿನ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು, ಜೀಪನ್ನು ತಾವೇ ಓಡಿಸುತ್ತಿದ್ದರು. ಅವರ ಎದುರು ಲೆಕ್ಕ ಬರೆಯುವ ರೈಟರು, ಮೇಸ್ತ್ರಿ ಎಲ್ಲರ ದನಿಯೂ ಅರ್ಧಕ್ಕೆ ಇಳಿಯುತ್ತದೆ ಎಂದು ಕೇಳಿದ್ದೆ. ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿಯೊಂದನ್ನು ಹಿಡಿದಿದ್ದರು.

"ಹಡಗಲ್ಲಿ ಕೆಲಸ ಮಾಡೋ ನಮ್ಮ ಅಕ್ಕನ ಮಗ ಜಪಾನಿನಿಂದ ತಂದ್ಕೊಟ್ಟ ರೆಕಾರ್ಡ್ ಪ್ಲೇಯರಿನ ಮುಳ್ಳು ಇದು. ಮೂವಿಂಗ್ ಕಾಯಿಲ್ ಅಂತೆ, ಒಳಗೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕಾಯಿಲ್ ಇರುತ್ತಂತೆ. ಹಾಕಿದ್ರೆ ಸೊಳ್ಳೆ ಹಾಡಿದ ಹಾಗೆ ಕೇಳುತ್ತೆ. ಸದ್ದು ಏರಿಸೋಕೆ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಬೇಕು ಅಂದ. ನಿಮ್ಮಲ್ಲಿ ಆಗುತ್ತಾ?"

"ಆಗದೆ ಎಂತ ಅಮ್ಮಾ? ಸಣ್ಣ ಕೆಲಸ ಎಲ್ಲ ಇವಳೇ ಮಾಡೋದು" ಎಂದು ನನ್ನವರು ನನ್ನ ಕಡೆ ಕೈ ತೋರಿಸಿಬಿಟ್ಟರು. ಅಂಥದ್ದನ್ನು ನಾನು ಕಣ್ಣಲ್ಲಿಯೂ ಕಂಡಿರಲಿಲ್ಲ.

ಅಮ್ಮ ನನ್ನನ್ನೇ ನೋಡುತ್ತ ಹೇಳಿದರು: "ಹುಷಾರಾಗಿ ಮಾಡಬೇಕು. ಇದು ಹಾಳಾದ್ರೆ ಇನ್ನೊಂದು ಸಿಗೋದಿಲ್ಲ."

ಅವತ್ತು ಶುರುವಾದ ಹೆದರಿಕೆ ಆ ವರ್ಷವಿಡೀ ಒಂದಲ್ಲ ಒಂದು ವೇಷದಲ್ಲಿ ನನ್ನ ಜೊತೆಗೇ ಇತ್ತು.

ಆ ಭಾನುವಾರ ಎಸ್ಟೇಟಿನ ಜೀಪು ಬಂದು ನನ್ನನ್ನು ಕರೆದುಕೊಂಡು ಹೋಯಿತು. ಪ್ಲೇಯರು ಹಜಾರದಲ್ಲಿ, ಗಾಜಿನ ಬೀರುವಿನ ಪಕ್ಕದಲ್ಲಿತ್ತು. ಎರಡು ದೊಡ್ಡ ಸ್ಪೀಕರು, ನಡುವೆ ಆಂಪ್ಲಿಫೈಯರು, ಎದುರಿಗೆ ಒಂದು ಬೆತ್ತದ ಕುರ್ಚಿ. ಅಮ್ಮ ಒಳಗೆ ಕಾಫಿ ಹೇಳಲು ಹೋದಾಗ ನಾನು ಯಾವ ಕಾಯಿಲ್ ಬಂದರೂ ಮೊದಲು ಮಾಡುವುದನ್ನೇ ಮಾಡಿದೆ. ಚೀಲದಿಂದ ಮೀಟರ್ ತೆಗೆದು ಮುಳ್ಳಿನ ಹಿಂದಿನ ಪುಟ್ಟ ಕಡ್ಡಿಗಳಿಗೆ ಹಿಡಿದೆ. ಎಡಗಡೆ ನಲವತ್ತು ಓಮ್, ಬಲಗಡೆಯೂ ನಲವತ್ತು. ಎರಡೂ ಸರಿ ಇವೆ ಎಂದು ಸಮಾಧಾನವಾಯಿತು. ಮೀಟರನ್ನು ಚೀಲಕ್ಕೆ ಹಾಕಿ ಅಮ್ಮ ಕೊಟ್ಟ ಕಾಫಿ ಕುಡಿದೆ.

ನಮ್ಮ ಅಂಗಡಿಯಲ್ಲಿ ಹಳೇ ಮೈಕ್ ಸೆಟ್ಟೊಂದರ ಆಂಪ್ಲಿಫೈಯರು ಗುಜರಿಗೆ ಬಿದ್ದಿತ್ತು. ಅದರಲ್ಲಿ ಲೋಹದ ಡಬ್ಬಿಯೊಳಗೆ ಕೂತ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದವು. ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡುವುದೂ ಇದೂ ಒಂದೇ ಕೆಲಸ ತಾನೆ ಎಂದುಕೊಂಡು ಮುಂದಿನ ಭಾನುವಾರ ಅವನ್ನೇ ತೆಗೆದುಕೊಂಡು ಹೋಗಿ ಜೋಡಿಸಿದೆ. ಸದ್ದು ಜೋರಾಗಿಯೇ ಬಂತು. ಆದರೆ ಹಾಡುವವರ ಮುಖಕ್ಕೆ ಯಾರೋ ಕಂಬಳಿ ಹೊದಿಸಿದ ಹಾಗಿತ್ತು. ಅಮ್ಮ ಅರ್ಧ ಹಾಡಿಗೇ ಮುಳ್ಳೆತ್ತಿದರು.

"ತಡಿ, ಡಬ್ಬಿಯಲ್ಲಿ ಎಂತದೋ ಚೀಟಿ ಇತ್ತು" ಎಂದು ಒಳಗಿಂದ ಒಂದು ಮಡಚಿದ ಕಾಗದ ತಂದರು. ಕನ್ನಡಕ ಹಾಕಿಕೊಂಡು ಇಂಗ್ಲಿಷಿನಲ್ಲಿದ್ದುದನ್ನು ನಿಧಾನವಾಗಿ ಓದಿ ನನಗೆ ಹೇಳತೊಡಗಿದರು. ಕಾಯಿಲಿನ ರೆಸಿಸ್ಟೆನ್ಸ್ ನಲವತ್ತು ಓಮ್. ಅದಕ್ಕೆ ಬೀಳುವ ಲೋಡು ನೂರು ಓಮಿಗಿಂತ ಕಡಿಮೆ ಇರಬಾರದು. ನಾನು ಒಂದು ಹಳೇ ಬಿಲ್ಲಿನ ಹಿಂದೆ ಬರೆದುಕೊಂಡೆ. ಅಷ್ಟರಲ್ಲಿ ಅವರು ಕಾಗದವನ್ನು ತಿರುಗಿಸಿ, "ಇಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ ನೋಡು. ಮೀಟರ್ ಹಿಡಿದು ಕಾಯಿಲ್ ಅಳೀಬೇಡಿ, ತಂತಿ ಸುಟ್ಟು ಹೋಗಬಹುದು ಅಂತೆ" ಎಂದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀನೇನೂ ಹಿಡಿದಿಲ್ಲ ತಾನೆ?"

"ಇಲ್ಲಮ್ಮಾ" ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು. ಮೀಟರಿನೊಳಗಿನ ಸಣ್ಣ ಬ್ಯಾಟರಿಯೇ ಸಾಕು, ನನ್ನ ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿರುವ ಆ ತಂತಿ ಕರಗಲಿಕ್ಕೆ. ಕಾಯಿಲ್ ಸುತ್ತುವವಳಾಗಿ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಟ್ರಾನ್ಸ್‌ಫಾರ್ಮರ್ ಸದ್ದನ್ನು ಎಷ್ಟು ಪಟ್ಟು ಏರಿಸುತ್ತದೋ, ಆಂಪ್ಲಿಫೈಯರಿನ ಭಾರ ಅಷ್ಟರ ವರ್ಗದ ಲೆಕ್ಕದಲ್ಲಿ ಮುಳ್ಳಿನ ಮೇಲೆ ಬೀಳುತ್ತದೆ. ಆಂಪ್ಲಿಫೈಯರು ನಲವತ್ತೇಳು ಸಾವಿರ ಓಮಿನದು. ಮೈಕ್ ಸೆಟ್ಟಿನದು ಮೂವತ್ತೈದು ಪಟ್ಟು ಏರಿಸುತ್ತಿತ್ತು. ಅಂದರೆ ಮುಳ್ಳಿಗೆ ಕಾಣುತ್ತಿದ್ದ ಲೋಡು ನಲವತ್ತು ಓಮೂ ಇಲ್ಲ. ಸದ್ದಿನ ಅರ್ಧ ಭಾಗ ಮುಳ್ಳಿನೊಳಗೇ ಸಾಯುತ್ತಿತ್ತು. ಹತ್ತು ಪಟ್ಟು ಮಾತ್ರ ಏರಿಸಿದರೆ ಲೋಡು ನಾನೂರ ಎಪ್ಪತ್ತು ಓಮ್ ಆಗುತ್ತದೆ, ಮುಳ್ಳು ಸಲೀಸಾಗಿ ಉಸಿರಾಡುತ್ತದೆ. ಹಳೆಯ ಸುತ್ತನ್ನೆಲ್ಲ ಬಿಚ್ಚಿ, ಅದೇ ಕೋರಿನ ಮೇಲೆ ಒಂದಕ್ಕೆ ಹತ್ತರ ಹಾಗೆ ಹೊಸದಾಗಿ ಸುತ್ತಿದೆ. ಆ ಕೋರಿನ ತಗಡು ಕೆಳಗೆ ಬಿದ್ದರೂ ಬಾಗಿದರೂ ಗುಣ ಕಳೆದುಕೊಳ್ಳುತ್ತದೆ. ಹಾಗಾಗಿ ನೆಲಕ್ಕೆ ಹಾಸಿಗೆ ಹಾಸಿ ಅದರ ಮೇಲೆಯೇ ಕೂತು ಕೆಲಸ ಮಾಡಿದೆ. ಎಡಗಡೆಯದನ್ನು ಸುತ್ತುವಾಗ ತಂತಿ ಒಮ್ಮೆ ತುಂಡಾಯಿತು. ಬೆಸುಗೆ ಹಾಕಿ ಮುಂದುವರಿಸಿದೆ.

ಜೋಡಿಸಿದ ದಿನ ಅಮ್ಮ ಒಂದು ಹಳೇ ಮೊನೊ ರೆಕಾರ್ಡ್ ಹಾಕಿದರು. ಒಬ್ಬ ಹೆಂಗಸಿನ ಹಾಡು, ಜೊತೆಗೆ ಪಿಟೀಲು, ಮೃದಂಗ. ಮೊನೊ ಅಂದರೆ ಎರಡು ಸ್ಪೀಕರಿಗೂ ಒಂದೇ ಸದ್ದು. ಬೆತ್ತದ ಕುರ್ಚಿಯಲ್ಲಿ ಕೂತರೆ ಹಾಡುವವರು ಸರಿಯಾಗಿ ಮಧ್ಯದಲ್ಲಿ ಕೂತಿದ್ದಾರೆ ಅನ್ನಿಸಬೇಕು. ಅಮ್ಮ ಕಣ್ಣು ಮುಚ್ಚಿ ಕೇಳಿ, "ಆಹಾ" ಎಂದು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು.

ನಾನು ಕೂತೆ. ಆ ಹೆಂಗಸು ಮಧ್ಯದಲ್ಲಿರಲಿಲ್ಲ. ಬಲಕ್ಕೆ ಸರಿದಿದ್ದಳು. ಮೃದಂಗದ ದಪ್ಪ ಸದ್ದು ಬಲ ಸ್ಪೀಕರಿನಲ್ಲಿ ಗುಂ ಎನ್ನುತ್ತಿತ್ತು, ಎಡ ಸ್ಪೀಕರಿನಲ್ಲಿ ಹಲಗೆ ಬಡಿದ ಹಾಗೆ ಸಪ್ಪೆಯಾಗಿತ್ತು.

"ಎಡಗಡೆ ಸ್ವಲ್ಪ ಕಡಿಮೆ ಅಲ್ವಾ ಅಮ್ಮಾ?"

"ನಂಗೇನೂ ಹಾಗೆ ಅನ್ನಿಸ್ತಿಲ್ಲ. ಚೆನ್ನಾಗಿದೆ ಕಣೆ."

ಸುಟ್ಟಿದ್ದೇನೆ, ಎಡಗಡೆಯ ಕಾಯಿಲನ್ನು ಸುಟ್ಟಿದ್ದೇನೆ. ಪೂರ್ತಿ ಅಲ್ಲ, ಎರಡು ಸುತ್ತು ಒಂದಕ್ಕೊಂದು ಅಂಟಿರಬೇಕು. ಅಮ್ಮನಿಗೆ ವಯಸ್ಸಾಗಿದೆ, ಈಗ ಕೇಳಿಸುತ್ತಿಲ್ಲ, ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ಆಗ ಆ ಕಾಗದವೂ ನನ್ನ "ಇಲ್ಲಮ್ಮಾ" ಎಂಬ ಮಾತೂ ಅವರಿಗೆ ನೆನಪಾಗುತ್ತದೆ.

"ಎಡಗಡೆಯದರಲ್ಲಿ ಒಂದು ಬೆಸುಗೆ ಇದೆ ಅಮ್ಮಾ, ಅದೇ ಇರಬೇಕು. ಸರಿ ಮಾಡಿಕೊಂಡು ಬರ್ತೇನೆ" ಎಂದು ಬಿಚ್ಚಿಕೊಂಡು ಬಂದೆ.

ಆ ದಿನಗಳಲ್ಲಿ ರಸ್ತೆಯಲ್ಲಿ ಜೀಪಿನ ಸದ್ದಾದರೆ ಮೆಷೀನಿನ ಹಿಡಿ ಕೈತಪ್ಪುತ್ತಿತ್ತು. ಊಟ ಸೇರುತ್ತಿರಲಿಲ್ಲ. ನನ್ನವರು ಕೇಳಿದರೆ ಹೊಟ್ಟೆನೋವು ಅನ್ನುತ್ತಿದ್ದೆ. ಎಡಗಡೆಯದನ್ನು ಹೊಸ ತಂತಿಯಲ್ಲಿ, ಒಂದೂ ಬೆಸುಗೆಯಿಲ್ಲದೆ ಮತ್ತೆ ಸುತ್ತಿದೆ. ಜೋಡಿಸಿ ಕೇಳಿದರೆ ಮತ್ತೆ ಅದೇ. ಮೂರನೆಯ ಸಲ ಬೇಕೆಂದೇ ಸುತ್ತುಗಳನ್ನು ಜಾಸ್ತಿ ಹಾಕಿದೆ, ಕಾಯಿಲಿನ ಸೋಲನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಮುಚ್ಚೋಣ ಎಂದು.

ನಿಜವಾಗಿ ನೋಡಿದರೆ ಐದು ನಿಮಿಷದ ಪರೀಕ್ಷೆ ಸಾಕಿತ್ತು. ಎರಡು ಟ್ರಾನ್ಸ್‌ಫಾರ್ಮರುಗಳನ್ನು ಅದಲುಬದಲು ಮಾಡುವುದು. ದೋಷ ಅದರ ಜೊತೆಗೇ ಆ ಕಡೆ ಹೋದರೆ ತಪ್ಪು ಸುತ್ತಿನದು, ಹೋಗದಿದ್ದರೆ ಬೇರೆಯದು. ಯಾವ ಮೆಕ್ಯಾನಿಕ್ಕೂ ಮೊದಲು ಮಾಡುವುದೇ ಅದನ್ನು. ನಾನು ಮಾಡಲಿಲ್ಲ. ದೋಷ ಆ ಕಡೆ ಹೋಗದಿದ್ದರೆ ನಾನು ಸುಟ್ಟದ್ದು ಖಚಿತವಾಗುತ್ತದೆ ಎನ್ನುವ ಭಯಕ್ಕೆ ಮಾಡಲಿಲ್ಲ.

ಮೂರನೆಯ ಸಲ ಕೇಳಿದಾಗ ಅಮ್ಮ ಹುಬ್ಬು ಗಂಟಿಕ್ಕಿದರು. "ಈಗ ಎಡಗಡೆನೇ ಜಾಸ್ತಿ ಆಯ್ತಲ್ಲೇ?"

ನನಗೆ ಆಗಲೂ ಎಡಗಡೆ ಕಡಿಮೆಯೇ.

"ಇಲ್ಲಮ್ಮಾ, ಇನ್ನೂ ಕಡಿಮೆನೇ ಇದೆ. ಮತ್ತೆ ಬಿಚ್ಚಿ..."

"ಸುಮ್ನಿರು. ಎಷ್ಟು ಸಲ ಬಿಚ್ತೀಯ? ಎಡದ್ದು ಬಲಕ್ಕೆ ಹಾಕು, ಬಲದ್ದು ಎಡಕ್ಕೆ ಹಾಕು. ನೋಡೇ ಬಿಡಾಣ."

ಅದಲುಬದಲು ಮಾಡಿದೆ. ಎಡಗಡೆ ಕಡಿಮೆಯೇ. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಅಳು ಬಂತು.

"ಅಮ್ಮಾ, ನಾನು ಮೊದಲನೇ ದಿನ ಮೀಟರ್ ಹಿಡಿದಿದ್ದೆ. ನಿಮ್ಮ ಹತ್ರ ಸುಳ್ಳು ಹೇಳ್ದೆ. ಎಡಗಡೆ ಕಾಯಿಲ್ ನಾನೇ ಸುಟ್ಟಿದ್ದು."

ಅಮ್ಮ ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರು, "ಸುಟ್ಟಿದ್ರೆ ನಂಗೂ ಎಡಗಡೆ ಕಡಿಮೆ ಕೇಳಬೇಕಿತ್ತಲ್ಲ? ಮುಳ್ಳಿಂದ ಬರೋ ತಂತೀನೂ ಬದಲಾಯ್ಸು" ಎಂದರು.

ಎಡ ಕಾಯಿಲಿನ ತಂತಿಯನ್ನು ಬಲಕ್ಕೆ ಕೊಟ್ಟೆ, ಬಲದ್ದನ್ನು ಎಡಕ್ಕೆ. ಕಾಯಿಲ್ ಸುಟ್ಟಿದ್ದರೆ ಈಗ ಬಲಗಡೆ ಕಡಿಮೆಯಾಗಬೇಕು. ಆಗಲಿಲ್ಲ. ಎಡಗಡೆಯೇ ಕಡಿಮೆ. ಒಂದು ಕ್ಷಣ ಸಂತೋಷವಾಯಿತು, ಕಾಯಿಲ್ ಬದುಕಿದೆ ಎಂದು. ಹಾಗಾದರೆ ಸ್ಪೀಕರ್. ಇಬ್ಬರೂ ಸೇರಿ ಆ ಭಾರದ ಪೆಟ್ಟಿಗೆಗಳನ್ನು ಆಚೀಚೆ ಬದಲಾಯಿಸಿದೆವು. ಎಡಗಡೆಯೇ ಕಡಿಮೆ.

ಇನ್ನು ಉಳಿದದ್ದು ಆಂಪ್ಲಿಫೈಯರು. ರೆಕಾರ್ಡ್ ಓಡುತ್ತಲೇ ಇತ್ತು. ಕುರ್ಚಿಯ ಹಿಂದೆ ಇಟ್ಟಿದ್ದ ಸ್ಕ್ರೂಡ್ರೈವರ್ ತರಲು ನಾನು ಸ್ಪೀಕರುಗಳಿಗೆ ಬೆನ್ನು ಹಾಕಿ ತಿರುಗಿದೆ. ಹಾಡುವ ಹೆಂಗಸು ನನ್ನ ಜೊತೆಗೇ ತಿರುಗಿದಳು. ಈಗ ಸದ್ದು ಇನ್ನೊಂದು ಪೆಟ್ಟಿಗೆಯಲ್ಲಿ ಜಾಸ್ತಿ. ಮತ್ತೆ ಮುಖ ತಿರುಗಿಸಿದೆ. ಅವಳು ಮೊದಲಿನ ಜಾಗಕ್ಕೆ ಹೋದಳು. ಯಾವ ಕಡೆ ತಿರುಗಿದರೂ ಅವಳು ನನ್ನ ಬಲಗಿವಿಯ ಕಡೆಗೇ ಇದ್ದಳು.

ಹಜಾರದಲ್ಲಿ ಎಲ್ಲವೂ ಸರಿಯಾಗಿತ್ತು. ಕೆಟ್ಟದ್ದು ನನ್ನ ಕಿವಿ.

"ಎಂತ ಆಯ್ತೇ?" ಎಂದರು ಅಮ್ಮ.

"ಎಂತಿಲ್ಲ ಅಮ್ಮಾ. ಸರಿ ಆಯ್ತು" ಎಂದು ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಬಂದೆ.

ನನ್ನ ತವರು ಕಳಸದ ಹತ್ತಿರ. ನನ್ನ ಅಮ್ಮನಿಗೆ ಮೂವತ್ತು ದಾಟಿದ ಮೇಲೆ ಕಿವಿ ಮಂದವಾಗುತ್ತ ಬಂದು, ನಲವತ್ತೈದಕ್ಕೆ ಪೂರ್ತಿ ಹೋಗಿತ್ತು. ಅವಳು ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ನಾಲ್ಕು ಜನ ನಕ್ಕಾಗ ಅವಳೂ ನಗುತ್ತಿದ್ದಳು, ಯಾಕೆ ಎಂದು ಗೊತ್ತಿಲ್ಲದೆ. ಜನ ಅವಳಿಗೆ ಸಣ್ಣಪುಟ್ಟ ಸುದ್ದಿ ಹೇಳುವುದನ್ನೇ ಬಿಟ್ಟಿದ್ದರು. ನನ್ನ ಸೋದರಮಾವ ತೀರಿಕೊಂಡ ದಿನ ಆ ಸುದ್ದಿಯನ್ನು ಅವಳಿಗೆ ಮೆಲ್ಲಗೆ ಹೇಳುವ ದಾರಿಯೇ ಇರಲಿಲ್ಲ. ಅಂಗಳದಲ್ಲಿ ಎಲ್ಲರೆದುರು ಚಿಕ್ಕಪ್ಪ ಅವಳ ಕಿವಿಗೆ ಬಾಯಿಟ್ಟು, "ನಿನ್ನಣ್ಣ ಸತ್ತ" ಎಂದು ಕಿರುಚಿದರು. ಎರಡು ಸಲ ಕಿರುಚಬೇಕಾಯಿತು.

ನನಗೆ ಆಗ ಮೂವತ್ತಮೂರು.

ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ಪರೀಕ್ಷೆ ಮಾಡತೊಡಗಿದೆ. ನನ್ನವರ ಕೈಗಡಿಯಾರವನ್ನು ಬಲಗಿವಿಗೆ ಹಿಡಿದರೆ ಟಿಕ್ ಟಿಕ್, ಎಡಗಿವಿಗೆ ಹಿಡಿದರೆ ಏನೂ ಇಲ್ಲ. ಅಂಗಡಿಯ ಫೋನನ್ನು ನಾನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದೆ ಎನ್ನುವುದು ಆಗ ಗಮನಕ್ಕೆ ಬಂತು. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದಾಗ ಕೇಳುತ್ತಿದ್ದ ಜೀರುಂಡೆ ಸದ್ದು ಬಾಗಿಲು ಮುಚ್ಚಿದರೂ ನಿಲ್ಲಲಿಲ್ಲ. ಅದು ಹೊರಗಿನದಾಗಿರಲೇ ಇಲ್ಲ. ಕಿವಿಯೊಳಗೆ ಗಡ್ಡೆ ಬೆಳೆದಿರಬಹುದು, ತಲೆಗೆ ಹತ್ತಬಹುದು ಎಂದೆಲ್ಲ ಯೋಚನೆ ಬರುತ್ತಿತ್ತು. ಯಾರಾದರೂ ನಕ್ಕರೆ ನಾನು ನಗದೆ, ಏನೆಂದರು ಎಂದು ಕೇಳುತ್ತಿದ್ದೆ. ನನ್ನ ಅಮ್ಮನ ಹಾಗೆ ಸುಮ್ಮನೆ ನಗಲು ಹೆದರಿಕೆ.

ಒಂದು ತಿಂಗಳು ಹೀಗೆ ಕಳೆಯಿತು. ಒಂದು ಬೆಳಿಗ್ಗೆ ನಾನು ಅಂಗಡಿಯ ಒಳಗೆ ಕೂತು ಸುತ್ತುತ್ತಿದ್ದೆ. ಅವತ್ತು ಮೋಟರುಗಳು ಓಡುತ್ತಿರಲಿಲ್ಲ, ಅಂಗಡಿ ನಿಶ್ಶಬ್ದವಾಗಿತ್ತು. ಕತ್ತೆತ್ತಿದರೆ ನನ್ನ ಎಡಕ್ಕೆ, ಒಂದು ಮೊಳ ದೂರದಲ್ಲಿ ಎಸ್ಟೇಟಿನ ಅಮ್ಮ ನಿಂತಿದ್ದರು.

"ನಾನು ನಿನ್ನ ಮೂರು ಸಲ ಕರೆದೆ" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಅವತ್ತು ನೀನು ಆ ಕಡೆ ಈ ಕಡೆ ತಿರುಗಿದಾಗಲೇ ನಂಗೆ ಅನುಮಾನ ಬಂತು. ಗಂಡನಿಗೆ ಹೇಳಿದ್ಯಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅವರು ಹೊರಗೆ ಹೋಗಿ ನನ್ನವರಿಗೆ ಏನೋ ಹೇಳಿದರು. ನನ್ನವರು ಗ್ರೀಸಿನ ಕೈಯಲ್ಲೇ ಒಳಗೆ ಓಡಿಬಂದರು. "ಎಂತ ಮಾರಾಯ್ತಿ, ನನ್ನ ಹತ್ರ ಹೇಳೋದಲ್ವಾ?" ಎಂದು ಕೇಳಿದರು. ನನ್ನ ಬಲಗಡೆಗೆ ಬಂದು ನಿಂತು ಕೇಳಿದರು. ಅದನ್ನು ನೋಡಿಯೇ ನನಗೆ ಮತ್ತೆ ಅಳು ಬಂತು.

ಚಿಕ್ಕಮಗಳೂರಿನ ಕಿವಿ ಡಾಕ್ಟರ ಹತ್ತಿರ ಅಮ್ಮ ತಮ್ಮ ಜೀಪಿನಲ್ಲೇ ಕರೆದುಕೊಂಡು ಹೋದರು. ಡಾಕ್ಟರು ಕವೆಯಂಥ ಒಂದು ಉಕ್ಕಿನ ಕಡ್ಡಿಯನ್ನು ಮೊಣಕೈಗೆ ಬಡಿದು ನನ್ನ ಎಡಗಿವಿಯ ಮುಂದೆ ಹಿಡಿದರು. ಕೇಳಲಿಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ತಲೆಯೊಳಗೆಲ್ಲ ಗುಂಯ್ ಎಂದು ತುಂಬಿಕೊಂಡಿತು.

"ನರ ಚೆನ್ನಾಗಿದೆ" ಎಂದರು ಡಾಕ್ಟರು. "ಒಳಗಿನ ಒಂದು ಪುಟ್ಟ ಎಲುಬು ಅಲ್ಲಾಡದೆ ಗಟ್ಟಿಯಾಗ್ತಿದೆ. ಅದಕ್ಕೇ ದಪ್ಪ ಸದ್ದು ಮೊದಲು ಹೋಗೋದು. ಗದ್ದಲ ಇರೋ ಕಡೆ ಚೆನ್ನಾಗಿ ಕೇಳುತ್ತಾ ನಿಮಗೆ?"

"ಹೌದು ಸಾರ್, ಅಂಗಡಿಯಲ್ಲಿ ಚೆನ್ನಾಗಿ ಕೇಳುತ್ತೆ."

"ಈ ಕಾಯಿಲೆಯಲ್ಲಿ ಹಾಗೇ. ಗದ್ದಲದಲ್ಲಿ ಎಲ್ಲರೂ ದನಿ ಏರಿಸ್ತಾರೆ, ಆ ಗದ್ದಲ ಮಾತ್ರ ನಿಮಗೆ ಅಷ್ಟು ಕೇಳೋದಿಲ್ಲ. ಮನೆಯಲ್ಲಿ ಇನ್ಯಾರಿಗಾದ್ರೂ ಇತ್ತಾ?"

ನನ್ನ ಅಮ್ಮನ ವಿಷಯ ಹೇಳಿದೆ. ಅವರು ಬರೆದುಕೊಂಡರು. ಗಡ್ಡೆಯ ಲಕ್ಷಣ ಇಲ್ಲ, ಮಂಗಳೂರಿನಲ್ಲಿ ಆಪರೇಷನ್ ಮಾಡುತ್ತಾರೆ, ಆ ಎಲುಬಿನ ಬದಲು ಸಣ್ಣದೊಂದು ಕಡ್ಡಿ ಇಡುತ್ತಾರೆ ಎಂದರು. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಆ ಕಿವಿಯಲ್ಲಿ ಈಗ ಕೇಳುವಷ್ಟೂ ಹೋಗಬಹುದು ಎಂದೂ ಹೇಳಿದರು. ಆ ಒಬ್ಬಳು ನಾನೇ ಎಂದು ನನಗೆ ಖಾತ್ರಿಯಾಗಿತ್ತು.

ಆದರೂ ಆಪರೇಷನ್ನಿಗೆ ಹೊರಟೆ. ಮಂಗಳೂರಿಗೆ ಚಾರ್ಮಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ನನ್ನವರ ತೋಳನ್ನು ಬಿಡದೆ ಹಿಡಿದಿದ್ದೆ. ಎಚ್ಚರವಿರುವಾಗಲೇ ಆಪರೇಷನ್ ಮಾಡುತ್ತಾರೆ ಎಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ಮುಖದ ಮೇಲೆ ಹಸಿರು ಬಟ್ಟೆ, ಕಿವಿ ಮರಗಟ್ಟಿತ್ತು. ಒಳಗೆ ಯಾರೋ ಮರಳು ಕೆರೆಯುತ್ತಿರುವ ಹಾಗೆ. ಅಲ್ಲಾಡಬಾರದು ಎಂದಿದ್ದರು. ಉಸಿರಾಟಕ್ಕೂ ತಲೆ ಅಲ್ಲಾಡೀತು ಎಂದು ಹೆದರಿ ಅರ್ಧರ್ಧ ಉಸಿರಾಡುತ್ತಿದ್ದೆ. ಒಮ್ಮೆಲೇ ಕೋಣೆಯೇ ಗಿರ್ರನೆ ತಿರುಗಿತು. ಹೋಯಿತು, ಎಲ್ಲ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಎಡಗಡೆ ಎಲ್ಲೋ ಟ್ರೇಯೊಳಗೆ ಕತ್ತರಿ ಬಿದ್ದ ಸದ್ದು ಸಿಡಿಲಿನ ಹಾಗೆ ಬಡಿಯಿತು. ಬೆಚ್ಚಿಬಿದ್ದೆ.

"ಕೇಳಿಸ್ತಾ?" ಎಂದರು ಸರ್ಜನ್, ತೀರ ಮೆಲ್ಲಗೆ.

"ಕೇಳ್ತು ಸಾರ್" ಎಂದೆ. ನನ್ನ ದನಿಯೇ ನನಗೆ ಬೇರೆ ಯಾರದೋ ಅನ್ನಿಸಿತು.

ಒಂದು ವಾರ ನೆಲ ತೂಗಾಡುತ್ತಿತ್ತು. ಎರಡು ತಿಂಗಳಾದ ಮೇಲೆ ಗೋಣಿಬೀಡಿಗೆ ಹೋದೆ. ಅಮ್ಮ ಅದೇ ಮೊನೊ ರೆಕಾರ್ಡ್ ಹಾಕಿ ಬೆತ್ತದ ಕುರ್ಚಿ ತೋರಿಸಿದರು. ಈ ಸಲ ಆ ಹೆಂಗಸು ಒಂದು ಪಕ್ಕಕ್ಕೆ ಸ್ಪಷ್ಟವಾಗಿ ವಾಲಿದ್ದಳು, ನಾನು ಹೆಚ್ಚು ಸುತ್ತು ಹಾಕಿದ್ದ ಟ್ರಾನ್ಸ್‌ಫಾರ್ಮರಿನ ಕಡೆಗೆ. ನಾಚಿಕೆಯಾಯಿತು. ಆ ಹೆಚ್ಚಿನ ಸುತ್ತುಗಳನ್ನು ಬಿಚ್ಚಿ, ಮೊದಲು ಲೆಕ್ಕ ಹಾಕಿದಷ್ಟಕ್ಕೇ ತಂದು ಜೋಡಿಸಿದೆ. ಹಾಡು ಮಧ್ಯಕ್ಕೆ ಬಂದು ಕೂತಿತು. ಮುಳ್ಳಿಗೆ ನನ್ನ ಮೀಟರಿನಿಂದ ಏನೂ ಆಗಿರಲಿಲ್ಲ. ಅಮ್ಮ ಅದನ್ನು ಇನ್ನೂ ಏಳೆಂಟು ವರ್ಷ ಉಪಯೋಗಿಸಿದರು.

ನಾಲ್ಕು ವರ್ಷವಾದ ಮೇಲೆ ನನ್ನ ಬಲಗಿವಿಗೂ ಅದೇ ಶುರುವಾಯಿತು. ಆ ಮೇಜಿನ ಮೇಲೆ ಇನ್ನೊಮ್ಮೆ ಮಲಗುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಬಲಗಿವಿಗೆ ಕೇಳುವ ಮೆಷೀನು ಹಾಕಿಕೊಳ್ಳುತ್ತೇನೆ. ಕೆಲಸ ನಡೆಯುತ್ತದೆ.

ಆದರೆ ಹೆದರಿಕೆ ಅಲ್ಲಿಗೆ ನಿಲ್ಲಲಿಲ್ಲ. ನನಗೆ ಒಬ್ಬಳು ಮಗಳು. ಇದು ತಾಯಿಯಿಂದ ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಚಿಕ್ಕಮಗಳೂರಿನ ಡಾಕ್ಟರು. ಅವಳು ಓದುತ್ತ ಕೂತಾಗ ಸದ್ದಾಗದ ಹಾಗೆ ಹಿಂದೆ ಹೋಗಿ ನಿಲ್ಲುವುದು, ಒಂದು ಸಲ ಎಡಗಡೆಯಿಂದ, ಒಂದು ಸಲ ಬಲಗಡೆಯಿಂದ ಪಿಸುದನಿಯಲ್ಲಿ ಕರೆಯುವುದು ನನಗೆ ಅಭ್ಯಾಸವಾಗಿಬಿಟ್ಟಿತು. ಅವಳು "ಏನಮ್ಮಾ?" ಎನ್ನುವವರೆಗೆ ನಾನು ಅಲ್ಲಿಂದ ಕದಲುತ್ತಿರಲಿಲ್ಲ.

ಅವಳು ಕಾಲೇಜು ಸೇರಿದ ವರ್ಷ ಒಂದು ದಿನ ಹಾಗೇ ಹಿಂದಿನಿಂದ ಕರೆದೆ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ತಿರುಗಲಿಲ್ಲ. ನಾನು ಗೋಡೆ ಹಿಡಿದುಕೊಂಡೆ. ಅವಳು ಪುಸ್ತಕದ ಹಾಳೆ ಮಗುಚಿ, ತಲೆ ಎತ್ತದೆ ಹೇಳಿದಳು:

"ಎರಡು ಸಲವೂ ಕೇಳ್ತಮ್ಮಾ. ದಿನಾ ದಿನಾ ಪರೀಕ್ಷೆ ಮಾಡಬೇಡ ಮಾರಾಯ್ತಿ."